ಬಣ್ಣದ ಮಾಮನ ಹದಿನೇಳನೆಯ ಸಾಸ್

ಮುಚ್ಚಳ ಸಡಿಲವಾಗಿರುವ ಡಬ್ಬಿ ಕಣ್ಣಿಗೆ ಬಿದ್ದರೆ ಬಣ್ಣದ ಮಾಮನಿಗೆ ಮೈಯೆಲ್ಲ ಕಡಿದ ಹಾಗಾಗುತ್ತಿತ್ತು. ಡಬ್ಬಿ ತಮ್ಮದೇ ಆಗಿರಬೇಕೆಂದೇನಿಲ್ಲ. ಯಾರದೋ ಮನೆಯಲ್ಲಿ ಸಕ್ಕರೆ ಡಬ್ಬಿ ಬಾಯಿ ತೆರೆದು ಕೂತಿರಲಿ, ಡಾಕ್ಟರ ಮೇಜಿನ ಮೇಲೆ ಹತ್ತಿಯ ಡಬ್ಬಿ ಅರ್ಧ ಮುಚ್ಚಿರಲಿ, ಮಾತು ಮಾತಿನ ಪಾಡಿಗೆ ನಡೆಯುತ್ತಿದ್ದಂತೆ ಅವರ ಬಲಗೈ ತನ್ನ ಪಾಡಿಗೆ ಹೋಗಿ ಮುಚ್ಚಳವನ್ನು ಒತ್ತಿ, ಮೇಲೆ ಎರಡು ಸಲ ಗುದ್ದಿ, ಏನೂ ನಡೆದೇ ಇಲ್ಲವೆಂಬಂತೆ ಮರಳಿ ತೊಡೆಯ ಮೇಲೆ ಬಂದು ಕೂರುತ್ತಿತ್ತು.

ಮೂವತ್ತನಾಲ್ಕು ವರ್ಷ ಬಣ್ಣದ ಅಂಗಡಿ ನಡೆಸಿದ ಕೈ ಅದು. ಡಬ್ಬಿಯೊಳಗೆ ಗಾಳಿ ಹೋದರೆ ಬಣ್ಣದ ಮೇಲೆ ಕೆನೆ ಕಟ್ಟುತ್ತದೆ. ಕೆನೆ ಕಟ್ಟಿದ ಬಣ್ಣ ಗೋಡೆಗೆ ಹೋದರೆ ಗಂಟು ಗಂಟು. ಗಂಟು ಕಂಡ ಗಿರಾಕಿ ಮತ್ತೆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ಹಾಗಾಗಿ ಸಂಜೆ ಅಂಗಡಿ ಮುಚ್ಚುವ ಮುಂಚೆ ಮಾಮ ರಬ್ಬರ್ ಸುತ್ತಿಗೆ ಹಿಡಿದು, ಆ ದಿನ ತೆರೆದ ಡಬ್ಬಿಗಳ ಮುಂದೆಲ್ಲ ಒಂದೊಂದಾಗಿ ಕುಕ್ಕರುಗಾಲಲ್ಲಿ ಕೂತು, ಮುಚ್ಚಳದ ಅಂಚಿನ ಸುತ್ತ ಟಕ್ ಟಕ್ ಟಕ್ ಎಂದು ಬಡಿಯುತ್ತ ಬರುತ್ತಿದ್ದರು. ಆ ಸದ್ದು ಕೇಳಿದರೆ ಬೀದಿಯವರು ಗಡಿಯಾರ ನೋಡದೆಯೇ ಏಳೂವರೆ ಆಯಿತು ಎನ್ನುತ್ತಿದ್ದರು.

ಅಂಗಡಿಯ ಬೆನ್ನಿಗೇ ಮನೆ. ನಡುವೆ ಒಂದೇ ಒಂದು ಬಾಗಿಲು. ಆ ಬಾಗಿಲು ದಾಟುವುದು ಮಾತ್ರ ಅಷ್ಟು ಸುಲಭವಾಗಿರಲಿಲ್ಲ. ಯಾಕೆಂದರೆ ಆಚೆ ಕಡೆ ಅವರ ಹೆಂಡತಿಯ ಮೂಗು ಕಾವಲಿರುತ್ತಿತ್ತು.

ಹೆಂಡತಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಬೀದಿಯವರ ಬಾಯಲ್ಲಿ ಅವರು ಹಲೋ ಅಕ್ಕ. ಅವರ ಕಿವಿ ಎಷ್ಟು ಚುರುಕೋ ಮೂಗು ಅದಕ್ಕಿಂತ ಚುರುಕು. ಪಕ್ಕದ ಮನೆಯಲ್ಲಿ ಹಾಲು ಉಕ್ಕುವ ಮೊದಲೇ ಕಿಟಕಿಯಿಂದ ಕೂಗಿ ಹೇಳುತ್ತಿದ್ದರು. ಸಂಜೆ ಮಾಮ ನಡುಬಾಗಿಲಲ್ಲಿ ಕಾಲಿಟ್ಟ ಕೂಡಲೇ ಒಳಗಿಂದ ದನಿ ಬರುತ್ತಿತ್ತು: "ರೀ, ಅಲ್ಲೇ ನಿಲ್ಲಿ! ಏನು ನಾತ! ಇವತ್ತು ಟರ್ಪೆಂಟೈನ್. ಮೊದಲು ಸ್ನಾನ, ಆಮೇಲೆ ಮನೆ." ಕೆಲವೊಮ್ಮೆ ಟರ್ಪೆಂಟೈನ್, ಕೆಲವೊಮ್ಮೆ ಬಣ್ಣ ತೆಳು ಮಾಡುವ ಥಿನ್ನರ್, ಕೆಲವೊಮ್ಮೆ ಬಾಗಿಲಿಗೆ ಹೊಡೆಯುವ ಎನಾಮೆಲ್. ಒಂದು ದಿನವೂ ಲೆಕ್ಕ ತಪ್ಪಿದ್ದಿಲ್ಲ. ಮಾಮ ಹಿತ್ತಲಿನಿಂದ ಸುತ್ತಿ ಬಚ್ಚಲಿಗೆ ಹೋಗುತ್ತಿದ್ದರು, ಗೊಣಗಿಕೊಂಡು. ಮೂವತ್ತು ವರ್ಷ ಹೀಗೆ ಬೈಸಿಕೊಂಡು ಬೈಸಿಕೊಂಡು, ಆ ಮಾತು ಕಿವಿಗೆ ಬೀಳದಿದ್ದರೆ ಆ ದಿನ ಮುಗಿದದ್ದೇ ಅವರಿಗೆ ಗೊತ್ತಾಗುತ್ತಿರಲಿಲ್ಲ.

ಆಮೇಲೆ ಒಂದು ಜ್ವರ ಬಂತು. ಹಲೋ ಅಕ್ಕ ಹತ್ತು ದಿನ ಮಲಗಿ ಎದ್ದರು. ಜ್ವರ ಹೋಗುವಾಗ ಮೂಗನ್ನೂ ನಾಲಿಗೆಯನ್ನೂ ಜೊತೆಗೆ ಕಟ್ಟಿಕೊಂಡು ಹೋಗಿತ್ತು. ಕಾಫಿ ಬಿಸಿನೀರಿನಂತೆ, ಬ್ರೆಡ್ಡು ಸ್ಪಂಜಿನಂತೆ, ಮೊಟ್ಟೆ ರಬ್ಬರಿನಂತೆ.

"ಏನು ತಿಂದ್ರೂ ಸುಣ್ಣ ತಿಂದ ಹಾಗಿದೆ ರೀ," ಎಂದರು.

"ಸುಣ್ಣ ಯಾವಾಗ ತಿಂದಿದ್ದೆ ನೀನು?"

"ನಿಮ್ಮನ್ನ ಕಟ್ಕೊಂಡ ಮೇಲೆ ಏನೇನು ತಿಂದಿದ್ದೀನೋ ಯಾರಿಗೆ ಗೊತ್ತು."

ಹಾಸ್ಯ ಮಾಡುವುದನ್ನು ಬಿಟ್ಟಿರಲಿಲ್ಲ. ಊಟ ಮಾಡುವುದನ್ನು ಬಿಡುತ್ತ ಬಂದಿದ್ದರು. ಡಾಕ್ಟರು, ಮೂಗಿನ ನರ ಸುಸ್ತಾಗಿದೆ, ಬಂದರೆ ಬರುತ್ತದೆ, ದಿನಾ ನಾಲ್ಕು ವಾಸನೆ ಮೂಸಿ ಅಭ್ಯಾಸ ಮಾಡಿ ಎಂದು ನಾಲ್ಕು ಪುಟ್ಟ ಸೀಸೆ ಕೊಟ್ಟರು. ನಿಂಬೆ, ಲವಂಗ, ಗುಲಾಬಿ, ಪುದೀನ. ಹಲೋ ಅಕ್ಕ ಮೂರು ತಿಂಗಳು ಶಾಲೆಯ ಮಗುವಿನಂತೆ ತಪ್ಪದೆ ಮೂಸಿದರು. ನಾಲ್ಕೂ ಒಂದೇ ಗಾಳಿ. ಆಮೇಲೆ ಸೀಸೆಗಳು ಕಪಾಟು ಸೇರಿದವು. ಮಾಮ ಅವುಗಳ ಮುಚ್ಚಳವನ್ನು ಬಿಗಿಯಾಗಿ ಒತ್ತಿ ಇಟ್ಟರು. ಹಲೋ ಅಕ್ಕ ಸೊರಗಿ, ರವಿಕೆಗಳನ್ನು ಎರಡು ಸಲ ಒಳಗೆ ಹಿಡಿದು ಹೊಲಿಸಿದ್ದಾಯಿತು. ಸಂಜೆ ಮಾಮ ಟರ್ಪೆಂಟೈನಿನಲ್ಲಿ ಅದ್ದಿ ತೆಗೆದವರಂತೆ ಬಂದು ನಡುಬಾಗಿಲಲ್ಲಿ ನಿಂತು ಕಾಯುತ್ತಿದ್ದರು. ಯಾರೂ ತಡೆಯುತ್ತಿರಲಿಲ್ಲ. ಹೊಸ್ತಿಲು ದಾಟಿ ಸೀದಾ ಒಳಗೆ ಹೋಗುತ್ತಿದ್ದರು. ಯಾರದೋ ಮನೆಗೆ ಹೇಳದೆ ಕೇಳದೆ ನುಗ್ಗಿದ ಹಾಗೆ ಅನಿಸುತ್ತಿತ್ತು.

ಹಲೋ ಅಕ್ಕನಿಗೆ ಬೆಳಿಗ್ಗೆ ಎದ್ದ ಕೂಡಲೇ ಹಾಸಿಗೆಯಲ್ಲೇ ಕೂತು ಎರಡು ನಿಮಿಷ ಕಣ್ಣು ಮುಚ್ಚಿ ಪ್ರಾರ್ಥಿಸುವ ಅಭ್ಯಾಸ. ಒಂದು ದಿನ ಮಾಮ ಕೇಳಿಯೇ ಬಿಟ್ಟರು.

"ಮೂಗಿನ ವಿಷಯ ಹೇಳಿದ್ಯಾ ದೇವರ ಹತ್ರ?"

"ಇಲ್ಲ ರೀ."

"ಯಾಕೆ?"

"ಐವತ್ತೈದು ವರ್ಷ ಕೊಟ್ಟಿದ್ದನಲ್ಲ, ಅದಕ್ಕೆ ಥ್ಯಾಂಕ್ಸ್ ಹೇಳಿ ಮುಗಿಸ್ದೆ. ದಿನಾ ಅದನ್ನೇ ಕೇಳೋಕೆ ನಾಚಿಕೆ ಆಗತ್ತೆ."

ಮಾಮನಿಗೆ ಅಂಥ ನಾಚಿಕೆ ಇರಲಿಲ್ಲ. ಮೂವತ್ತನಾಲ್ಕು ವರ್ಷ ಸಗಟು ವ್ಯಾಪಾರಿಗಳ ಜೊತೆ ಚೌಕಾಸಿ ಮಾಡಿದ ಬಾಯಿ. ಅವರು ಅಂಗಡಿಯ ಶಟರು ಎತ್ತುವಾಗ ಮೇಲೆ ನೋಡಿ, ಪೂರ್ತಿ ಮೂಗು ಒಂದೇ ಕಂತಿನಲ್ಲಿ ಕೊಡಬೇಕೆಂದೇನಿಲ್ಲ, ಗುಲಾಬಿ ಆಮೇಲೆ ಬಂದರೂ ನಡೆಯುತ್ತದೆ, ಸದ್ಯಕ್ಕೆ ಟರ್ಪೆಂಟೈನ್ ಒಂದು ಕಳಿಸು ಎಂದು ಕೇಳಿಕೊಂಡರು.

ಒಂದು ಮಧ್ಯಾಹ್ನ ಹಲೋ ಅಕ್ಕ ಮೊಟ್ಟೆಯ ಪಲ್ಯದಲ್ಲಿ ಅಡಗಿ ಕೂತಿದ್ದ ಹಸಿಮೆಣಸಿನಕಾಯಿಯೊಂದನ್ನು ನೋಡದೆ ಕಚ್ಚಿದರು. ಹುಬ್ಬು ಮೇಲೇರಿತು.

"ರೀ, ಏನೋ ಗೊತ್ತಾಗ್ತಿದೆ."

"ಏನು, ಏನು?"

"ಖಾರ. ನಾಲಿಗೆ ತುದೀಲಿ ಯಾರೋ ಬಾಗಿಲು ತಟ್ಟಿದ ಹಾಗೆ."

ಮಾಮ ತಟ್ಟೆ ಬಿಟ್ಟು ಎದ್ದು ನಿಂತರು. ಬಾಗಿಲು ತಟ್ಟುವಷ್ಟು ಖಾರ ಒಳಗೆ ಹೋಗಿದೆ ಎಂದರೆ, ಬಾಗಿಲು ಒಡೆಯುವಷ್ಟು ಖಾರ ಹೋದರೆ ಅದರ ಹಿಂದೆಯೇ ರುಚಿ, ವಾಸನೆ ಎಲ್ಲ ನುಗ್ಗಿಬಿಡಬಹುದಲ್ಲ. ಡಾಕ್ಟರನ್ನು ಕೇಳಿದ್ದರೆ, ಖಾರ ಎಂದರೆ ಉರಿ, ರುಚಿಯಲ್ಲ ಎನ್ನುತ್ತಿದ್ದರು. ಮಾಮ ಕೇಳಲಿಲ್ಲ.

ಇದರಲ್ಲಿ ಒಂದೇ ತೊಂದರೆ. ಮಾಮನಿಗೆ ಖಾರ ಆಗುತ್ತಿರಲಿಲ್ಲ. ಕಾಳುಮೆಣಸಿನ ಪುಡಿಯ ಡಬ್ಬಿಯನ್ನು ದೂರದಿಂದ ನೋಡಿದರೇ ಬಿಕ್ಕಳಿಕೆ ಬರುವ ಜಾತಿ.

ಸಹಾಯಕ್ಕೆ ಬಂದವನು ಹಲೋ ಅಕ್ಕನ ತಮ್ಮ. ಗೋಡೆಗೆ ಬಣ್ಣ ಹೊಡೆಯುವ ಕಸುಬಿನವನು. ಎಲ್ಲಿ ಹೋದರೂ ಹೆಗಲ ಮೇಲೆ ಏಣಿ ಇರುತ್ತಿದ್ದುದರಿಂದ ಅವನ ಹೆಸರೇ ಏಣಿ ಎಂದಾಗಿಬಿಟ್ಟಿತ್ತು. ಅವನು ಯಾವುದೋ ದೊಡ್ಡ ಮನೆಯ ಮಹಡಿಗೆ ಬಣ್ಣ ಹೊಡೆಯಲು ಹೋದಾಗ ಆ ಮನೆಯ ತೋಟಗಾರನಿಂದ ಬೀಜ ಕೇಳಿ, ಸ್ಯಾಂಡ್‌ಪೇಪರಿನ ಚೂರಿನಲ್ಲಿ ಮಡಿಸಿ ತಂದ.

"ಭಾವ, ಇದು ಸುಮ್ನೆ ಮೆಣಸಿನಕಾಯಿ ಅಲ್ಲ. ಇದನ್ನ ಕೊಯ್ದ ಕೈಯಲ್ಲಿ ತೋಟಗಾರ ಕಣ್ಣು ಉಜ್ಜಿಕೊಂಡನಂತೆ. ಮೂರು ದಿನ ಹೂವಿಗೆ ಹಾಕೋ ನೀರನ್ನ ಮುಖಕ್ಕೇ ಹಾಕ್ಕೊಂಡ್ನಂತೆ."

"ನಿನಗೆ ಇದನ್ನ ತಿನ್ನೋಕೆ ಆಗತ್ತೇನೋ?"

"ನನಗಾ? ಭಾವ, ನಾನು ಏಣಿಯ ಕೊನೇ ಮೆಟ್ಟಿಲ ಮೇಲೆ ಒಂಟಿ ಕಾಲಲ್ಲಿ ನಿಲ್ಲೋನು. ಮೆಣಸಿನಕಾಯಿಗೆ ಹೆದರ್ತೀನಾ?"

ತಾರಸಿಯ ಮೇಲೆ ಖಾಲಿ ಪ್ಲಾಸ್ಟಿಕ್ ಬಕೆಟುಗಳಲ್ಲಿ ಗಿಡ ಎದ್ದವು. ನಾಲ್ಕು ತಿಂಗಳಿಗೆ ಕಾಯಿ ಬಿಟ್ಟವು. ಸುಕ್ಕುಗಟ್ಟಿದ ಕೆಂಪು ಕಾಯಿ, ತುದಿಯಲ್ಲಿ ಚೇಳಿನ ಕೊಂಡಿಯಂಥ ಪುಟ್ಟ ಬಾಲ. ನೋಡಿದರೇ ಕೋಪ ಬಂದ ಹಾಗಿದ್ದವು.

ಮಾಮ ಸಾಸ್ ಮಾಡಲು ಕೂತರೆ ಅದು ಅಡುಗೆಯಂತೆ ಕಾಣುತ್ತಿರಲಿಲ್ಲ. ಬಣ್ಣ ಉಜ್ಜುವಾಗ ಹಾಕುವ ಧೂಳಿನ ಮುಖವಾಡ, ಅಗಲ ಕನ್ನಡಕ, ಮೊಣಕೈವರೆಗೆ ರಬ್ಬರ್ ಕೈಗವಸು. ಹಿತ್ತಲಲ್ಲಿ ಒಲೆ ಇಟ್ಟು, ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ಬಟ್ಟೆ ಹಿಡಿದು ನೋಡಿ, ಗಾಳಿಗೆ ಬೆನ್ನು ಮಾಡಿ ನಿಲ್ಲುವುದು. ಮೆಣಸಿನಕಾಯಿ, ವಿನೆಗರ್, ಉಪ್ಪು, ಸ್ವಲ್ಪ ಸಕ್ಕರೆ ಬೇಯಿಸಿ, ರುಬ್ಬಿ, ಸೋಸಿ ಸೀಸೆಗೆ ತುಂಬುವುದು. ರುಚಿ ನೋಡುವ ಮಾತೇ ಇಲ್ಲ. ಮಾಮ ಬಣ್ಣ ನೋಡುತ್ತಿದ್ದರು. ಬಿಳಿಯ ಕಾರ್ಡಿನ ಮೇಲೆ ಒಂದು ಹನಿ ಬಳಿದು, ಕಿಟಕಿಯ ಬೆಳಕಿಗೆ ಹಿಡಿದು, "ಇನ್ನೊಂದು ಛಾಯೆ ಕೆಂಪು ಬೇಕು," ಎಂದು ಇನ್ನೂ ನಾಲ್ಕು ಕಾಯಿ ಹಾಕುತ್ತಿದ್ದರು.

ಮೊದಲ ದಿನ ಕೈಗವಸು ತೆಗೆಯದೆಯೇ ಬಚ್ಚಲಿಗೆ ಹೋಗಿಬಂದರು. ಅದರ ವಿವರ ಬೇಡ. ಆ ಸಂಜೆ ಎರಡು ಲೀಟರ್ ಮೊಸರು ಖರ್ಚಾಯಿತು, ಅದರಲ್ಲಿ ಒಂದು ಚಮಚವೂ ಯಾರ ಹೊಟ್ಟೆಗೂ ಹೋಗಲಿಲ್ಲ ಎಂದರೆ ಸಾಕು.

ಏಣಿ ಬಂದು, ಬಣ್ಣ ಕಲಸುವ ಹೊಸ ಕಡ್ಡಿಯೊಂದನ್ನು ಸಾಸಿಗೆ ಅದ್ದಿ, ಐಸ್‌ಕ್ರೀಮ್ ನೆಕ್ಕುವವನಂತೆ ನೆಕ್ಕಿದ. "ಏನಿದೆ ಇದರಲ್ಲಿ," ಎಂದು ಶುರು ಮಾಡಿದವನು ವಾಕ್ಯದ ಅರ್ಧಕ್ಕೇ ನಿಂತ. ಕಿವಿ ಕೆಂಪಾಯಿತು. ಎದ್ದು ಹಿತ್ತಲನ್ನು ಮೂರು ಸುತ್ತು ಸುತ್ತಿದ. ಕೊನೆಗೆ ಏಣಿಯನ್ನು ಗೋಡೆಗೆ ಒರಗಿಸಿ, ಯಾಕೆಂದು ಅವನಿಗೂ ಗೊತ್ತಿಲ್ಲ, ತುದಿಯವರೆಗೆ ಹತ್ತಿ ಅಲ್ಲಿ ಬಾಯಿ ತೆರೆದುಕೊಂಡು ಕೂತ. ಅರ್ಧ ಗಂಟೆ ಇಳಿಯಲಿಲ್ಲ. ಅಷ್ಟು ಹೊತ್ತು ಅವನು ಮಾತಾಡದೆ ಇದ್ದದ್ದು ಹುಟ್ಟಿದಾಗಿನಿಂದ ಇದೇ ಮೊದಲು ಎಂದು ಅವನ ಅಕ್ಕ ಹೇಳಿದರು.

ಅದೇ ಸಾಸನ್ನು ಹಲೋ ಅಕ್ಕ ಬೇಯಿಸಿದ ಆಲೂಗಡ್ಡೆಯ ಮೇಲೆ ಹಾಕಿಕೊಂಡು ತಿಂದು, "ಹೂಂ, ಬಾಗಿಲು ತಟ್ತಿದೆ," ಎಂದರು.

ಮಾಮ ಒಂದು ಶೇಡ್ ಕಾರ್ಡ್ ಮಾಡಿದರು. ಬಣ್ಣದ ಕಂಪನಿಯವರು ಕೊಡುವ ಕಾರ್ಡಿನ ಹಾಗೆಯೇ ಸಾಲಾಗಿ ಚೌಕಗಳು, ಒಂದೊಂದು ಚೌಕಕ್ಕೆ ಒಂದೊಂದು ಸಾಸಿನ ಬಣ್ಣ, ಕೆಳಗೆ ಹೆಂಡತಿಯ ಮೇಲೆ ಆದ ಪರಿಣಾಮ. ಒಂದನೆಯದು: ಹುಬ್ಬು ಏರಿತು. ನಾಲ್ಕನೆಯದು: ಎಡಗಣ್ಣಲ್ಲಿ ಒಂದು ಹನಿ. ಒಂಬತ್ತನೆಯದು: ಎರಡೂ ಕಣ್ಣು, ಮೂಗಿನ ತುದಿ ಬೆವರು. ಹನ್ನೆರಡನೆಯದು: ನನ್ನನ್ನು ನನ್ನ ತಾಯಿಯ ಸಮೇತ ಬೈದಳು. ಹದಿನಾರನೆಯದು: ಕುರ್ಚಿಯಿಂದ ಎದ್ದು ನಿಂತಳು, ಮತ್ತೆ ಕೂತಳು, ಏನೂ ಮಾತಾಡಲಿಲ್ಲ.

ಹದಿನಾರನೆಯದು ತಿಂದ ದಿನ ಹಲೋ ಅಕ್ಕ ಕಣ್ಣೊರೆಸಿಕೊಂಡು ಚಮಚವನ್ನು ತಟ್ಟೆಯಲ್ಲಿ ಮಗುಚಿ ಇಟ್ಟರು.

"ರೀ, ಒಂದು ಮಾತು ಹೇಳಲಾ?"

"ಹೇಳು."

"ಬಾಗಿಲು ತಟ್ಟೋದು ಕೇಳಿಸ್ತಿದೆ. ತಟ್ಟೋರು ಯಾರು ಅಂತ ಗೊತ್ತಾಗ್ತಿಲ್ಲ. ಎಕ್ಸ್‌ಚೇಂಜಲ್ಲಿ ಕೆಲವು ಫೋನ್ ಹಾಗೇ ಬರ್ತಿತ್ತು. ಗಂಟೆ ಹೊಡೆಯತ್ತೆ, ಎತ್ತಿದ್ರೆ ಆ ಕಡೆ ಯಾರೂ ಇರಲ್ಲ. ಎಷ್ಟು ಸಲ ಅಂತ ಹಲೋ ಹಲೋ ಅನ್ನೋದು?"

ಮಾಮ ಸಾಸಿನ ಸೀಸೆಯ ಮುಚ್ಚಳವನ್ನು ಬಿಗಿ ಮಾಡಿದರು.

"ಇನ್ನೊಂದೇ ಒಂದು," ಎಂದರು. "ಏಣಿ ಹೇಳ್ತಿದ್ದ. ಬೇಯಿಸಬಾರದಂತೆ. ಬೆಳ್ಳುಳ್ಳಿ ಜೊತೆ ರುಬ್ಬಿ, ಉಪ್ಪು ಹಾಕಿ ಮೂರು ವಾರ ಹುಳಿ ಬರೋಕೆ ಬಿಟ್ರೆ ಅದರ ಗುಣವೇ ಬೇರೆಯಂತೆ."

"ಸರಿ. ಹದಿನೇಳೇ ಕೊನೆ. ಅದರಲ್ಲೂ ಆಗಲಿಲ್ಲ ಅಂದ್ರೆ ಈ ಮನೇಲಿ ನನ್ನ ಮೂಗಿನ ಮಾತು ಯಾರೂ ಎತ್ತಬಾರದು. ನೀವೂ ಎತ್ತಬಾರದು, ಆ ಏಣಿನೂ ಎತ್ತಬಾರದು. ಇರೋದ್ರಲ್ಲೇ ಇದ್ದುಬಿಡೋಣ. ಮಾತು ಕೊಡಿ."

ಮಾಮ ಮಾತು ಕೊಟ್ಟರು. ಗಿಡಗಳಲ್ಲಿ ಉಳಿದಿದ್ದ ಕಾಯಿಗಳನ್ನೆಲ್ಲ, ಎಲೆ ಎತ್ತೆತ್ತಿ ನೋಡಿ ಕೊನೆಯದನ್ನೂ ಬಿಡದೆ ಕೊಯ್ದರು. ಎರಡು ಹಿಡಿ ಬೆಳ್ಳುಳ್ಳಿ ಸುಲಿದರು. ಗಾಜಿನ ಭರಣಿಯಲ್ಲಿ ಹಾಕಿಡಬೇಕೆಂದಿದ್ದರು. ಏಣಿ ಅದನ್ನು ನೋಡಲು ತಿರುಗಿದಾಗ ಅವನ ಹೆಗಲ ಮೇಲಿದ್ದ ಏಣಿಯೂ ತಿರುಗಿ ಭರಣಿ ನೆಲಕ್ಕೆ ಬಿದ್ದು ಚೂರಾಯಿತು. ಕೊನೆಗೆ, ಒಳಗೆ ಲೇಪನವಿರುವ, ಒಂದು ಹನಿ ಬಣ್ಣವನ್ನೂ ಕಾಣದ ಹೊಚ್ಚ ಹೊಸ ಡಬ್ಬಿಯೊಂದನ್ನು ಬಿಸಿನೀರಲ್ಲಿ ಮೂರು ಸಲ ತೊಳೆದು, ಅದಕ್ಕೆ ತುಂಬಿ, ಅಂಗಡಿಯ ಗಲ್ಲಾದ ಕೆಳಗೆ ಇಟ್ಟರು.

"ಭಾವ, ಒಂದೇ ಒಂದು ಕಂಡೀಷನ್," ಎಂದ ಏಣಿ. "ಮುಚ್ಚಳ ಸುಮ್ನೆ ಮೇಲಿಟ್ಟಿರಬೇಕು. ಒತ್ತಬಾರದು. ಹುಳಿ ಬರೋವಾಗ ಅದು ಉಸಿರಾಡತ್ತೆ. ದಿನಾ ಒಂದ್ಸಲ ಕಲಸಬೇಕು. ಆಗತ್ತಾ ನಿಮ್ಮ ಕೈಲಿ?"

"ನಾನೇನು ಮಗುವಾ?"

"ನಿಮ್ಮನ್ನ ಕೇಳ್ತಿಲ್ಲ ಭಾವ. ನಿಮ್ಮ ಬಲಗೈನ ಕೇಳ್ತಿದ್ದೀನಿ."

ಮಾಮ ಒಂದು ಚೀಟಿಯಲ್ಲಿ "ಒತ್ತಬೇಡ" ಎಂದು ದಪ್ಪಕ್ಷರದಲ್ಲಿ ಬರೆದು ಮುಚ್ಚಳಕ್ಕೆ ಅಂಟಿಸಿದರು. ಬರೆದವರೂ ಅವರೇ, ಓದಬೇಕಾದವರೂ ಅವರೇ.

ಹತ್ತೊಂಬತ್ತು ದಿನ ಆ ಸಡಿಲ ಮುಚ್ಚಳದ ಜೊತೆ ಮಾಮ ಪಟ್ಟ ಪಾಡು ಅವರಿಗೇ ಗೊತ್ತು. ಗಿರಾಕಿಯ ಜೊತೆ ಮಾತಾಡುವಾಗ ಬಲಗೈಯನ್ನು ಎಡಗೈಯಿಂದ ಹಿಡಿದುಕೊಳ್ಳುತ್ತಿದ್ದರು. ದಿನಾ ಬೆಳಿಗ್ಗೆ ಮುಖವಾಡ ಹಾಕಿಕೊಂಡು ಕಲಸುತ್ತಿದ್ದರು. ಗುಳ್ಳೆ ಏಳುತ್ತಿತ್ತು. ಹುಳಿ, ಬೆಳ್ಳುಳ್ಳಿ, ಬೆಂಕಿ ಮೂರೂ ಸೇರಿದ ಒಂದು ನಾತ ಮುಖವಾಡ ದಾಟಿ ಒಳಗೆ ಬರುತ್ತಿತ್ತು.

ಇಪ್ಪತ್ತನೆಯ ದಿನ ಶನಿವಾರ. ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಟೀಚರಮ್ಮ ಬಂದರು. ಟೀಚರಮ್ಮ ತಮ್ಮ ಮುಂದಿನ ಕೋಣೆಯ ಗೋಡೆಗೆ ನಾಲ್ಕು ತಿಂಗಳಿಂದ ಬಣ್ಣ ಆರಿಸುತ್ತಿದ್ದರು. ಸಾವಿರದ ಇನ್ನೂರು ಬಣ್ಣಗಳಲ್ಲಿ ಒಂದೂ ಅವರ ಮನಸ್ಸಿನಲ್ಲಿದ್ದ ಬಣ್ಣವಾಗಿರಲಿಲ್ಲ.

"ಇದು ತುಂಬಾ ಇಟ್ಟಿಗೆ ಆಯ್ತು. ಇದು ತುಂಬಾ ಟೊಮ್ಯಾಟೊ. ಅದು ಇದೆಯಲ್ಲ, ಅದು ಪರೀಕ್ಷೆ ಪೇಪರ್ ತಿದ್ದೋ ಪೆನ್ನಿನ ಬಣ್ಣ. ಅದು ನನ್ನ ಗೋಡೆ ಮೇಲೆ ಬಂದ್ರೆ ನನಗೆ ರಜದಲ್ಲೂ ಸಮಾಧಾನ ಇರಲ್ಲ."

"ಹಾಗಾದ್ರೆ ಎಂಥಾದ್ದು ಬೇಕಮ್ಮ ನಿಮಗೆ?"

"ಕಂಡ ಕೂಡಲೇ ಗೊತ್ತಾಗತ್ತೆ."

ಮಾಮ ಅವರ ಮಾತು ಕೇಳುತ್ತ, ತಲೆಯಾಡಿಸುತ್ತ, ಸುತ್ತಿಗೆ ಹಿಡಿದು ಆ ದಿನದ ಡಬ್ಬಿಗಳ ಮುಂದೆ ಸಾಲಾಗಿ ಸಾಗಿದರು. ಟಕ್ ಟಕ್ ಟಕ್. ಟಕ್ ಟಕ್ ಟಕ್. ಗಲ್ಲಾದ ಕೆಳಗಿನ ಡಬ್ಬಿಗೂ ಟಕ್ ಟಕ್ ಟಕ್. ಚೀಟಿಯ ಮೇಲೆಯೇ ಬಡಿದರು. ಶಟರು ಎಳೆದು ಮನೆಗೆ ಹೋದರು. ಮರುದಿನ ಭಾನುವಾರ, ರಜ. ಆ ದಿನ ಕಲಸುವುದು ಮರೆತೇಹೋಯಿತು.

ಸೋಮವಾರ ಬೆಳಿಗ್ಗೆ ಮಾಮ ಕನ್ನಡಕ, ಮುಖವಾಡ, ಕೈಗವಸು ಎಲ್ಲ ಏರಿಸಿಕೊಂಡು ಡಬ್ಬಿಯನ್ನು ಹೊರಗೆಳೆದರು. ಮುಚ್ಚಳ ನಡುವೆ ಉಬ್ಬಿ ಪುಟ್ಟ ಹೊಟ್ಟೆ ಬಂದಿತ್ತು. ಅಷ್ಟಾದರೂ ಅವರಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಬಣ್ಣದ ಅಂಗಡಿಯವನಿಗೆ ಉಬ್ಬಿದ ಮುಚ್ಚಳ ಎಂದರೆ ಸರಿಯಾಗಿ ಕೂರದ ಮುಚ್ಚಳ, ಅಷ್ಟೇ. ಸುತ್ತಿಗೆ ತೆಗೆದು ಇನ್ನೊಂದು ಸುತ್ತು ಬಡಿದು ಹೊಟ್ಟೆಯನ್ನು ಒಳಗೆ ಕಳಿಸಿದರು. ಆಮೇಲೆ ಯೋಚಿಸಿದರು: ನಿನ್ನೆ ಕಲಸಿಲ್ಲ. ಗಟ್ಟಿಯೆಲ್ಲ ತಳದಲ್ಲಿ ಕೂತಿರುತ್ತದೆ. ತಳದಲ್ಲಿ ಕೂತದ್ದನ್ನು ಏಳಿಸುವುದಕ್ಕೆ ಅಂಗಡಿಯಲ್ಲಿ ಯಂತ್ರವೇ ಇದೆಯಲ್ಲ.

ಯಂತ್ರ ಎಂದರೆ ಬಣ್ಣದ ಡಬ್ಬಿಯನ್ನು ಮೇಲಿಂದ ಕೆಳಗಿಂದ ಕಬ್ಬಿಣದ ತಟ್ಟೆಗಳ ನಡುವೆ ಬಿಗಿದು ಗಡಗಡ ಅಲ್ಲಾಡಿಸುವಂಥದ್ದು. ಮಾಮ ಹದಿನೇಳನೆಯ ಸಾಸನ್ನು ಅದರಲ್ಲಿ ಕೂರಿಸಿ, ತಿರುಪು ಬಿಗಿದು, ಮೂರು ನಿಮಿಷಕ್ಕೆ ಇಟ್ಟು ಗುಂಡಿ ಒತ್ತಿದರು.

ಅಷ್ಟರಲ್ಲಿ ಟೀಚರಮ್ಮ ಶಾಲೆಗೆ ಹೋಗುವ ದಾರಿಯಲ್ಲಿ ಬಂದು ಬಣ್ಣದ ಹಲಗೆಯ ಮುಂದೆ ನಿಂತರು. ಏಣಿಯೂ ಪ್ರೈಮರ್ ಒಯ್ಯಲು ಬಂದ.

"ಏನು ಭಾವ, ಬೆಳಿಗ್ಗೆ ಬೆಳಿಗ್ಗೆ ಚಂದ್ರಲೋಕಕ್ಕೆ ಹೊರಟ ಹಾಗಿದ್ದೀರಾ? ಯಂತ್ರದಲ್ಲಿ ಏನಿದೆ?"

"ನಿಮ್ಮಕ್ಕನ ಸಾಸು."

ಏಣಿಯ ಮುಖದ ಬಣ್ಣ ಇಳಿಯಿತು. "ಮುಚ್ಚಳ?"

"ಬಿಗಿಯಾಗಿದೆ, ಯಾಕೆ?"

ಯಂತ್ರ ನಿಂತಿತು. ಏಣಿ "ಭಾವಾ, ಬೇಡಾ..." ಎಂದು ಕೂಗುವಷ್ಟರಲ್ಲಿ ಮಾಮನ ಕೈ ತಿರುಪನ್ನು ಸಡಿಲಿಸಿ ಡಬ್ಬಿಯನ್ನು ಹೊರಗೆ ತೆಗೆದಾಗಿತ್ತು.

ಢಬ್ ಎಂಬ ಸದ್ದು ಬೀದಿಯ ಕೊನೆಯ ಟೈಲರಿಗೂ ಕೇಳಿಸಿತು. ಮುಚ್ಚಳ ಹಾರಿ ಫ್ಯಾನಿಗೆ ಬಡಿಯಿತು. ಅದರ ಹಿಂದೆಯೇ ಹದಿನೇಳನೆಯ ಸಾಸ್ ಕಾರಂಜಿಯಂತೆ ಎದ್ದು ಚಾವಣಿಯನ್ನು ಮುಟ್ಟಿ, ಅಲ್ಲಿಂದ ತಿರುಗುತ್ತಿದ್ದ ಫ್ಯಾನಿನ ರೆಕ್ಕೆಗಳ ಮೇಲೆ ಬಿದ್ದು, ನಾಲ್ಕೂ ಗೋಡೆಗೆ ನ್ಯಾಯವಾಗಿ ಹಂಚಿಹೋಯಿತು. ನ್ಯಾಯದಲ್ಲಿ ಮಾಮನಿಗೆ ಸ್ವಲ್ಪ ಹೆಚ್ಚು ಪಾಲು ಬಂತು.

ಆಮೇಲೆ ಕೆಮ್ಮು ಶುರುವಾಯಿತು. ಏಣಿ ಕೆಮ್ಮಿದ. ಟೀಚರಮ್ಮ ಸೀನಿದರು. ಹೊರಗೆ ಹೋಗುತ್ತಿದ್ದ ಸೈಕಲ್ಲಿನವನು ಕೆಮ್ಮುತ್ತ ಸೈಕಲ್ ಇಳಿದ. ಏನಾಯಿತೆಂದು ನೋಡಲು ಬಂದವರು ಕೆಮ್ಮಿದರು, ಕೆಮ್ಮುತ್ತಿರುವವರನ್ನು ನೋಡಲು ಬಂದವರೂ ಕೆಮ್ಮಿದರು. ಏಣಿ ತೆವಳುತ್ತ ಹೋಗಿ ಫ್ಯಾನ್ ಆರಿಸಿ, ಕೈಗೆ ಸಿಕ್ಕ ಟರ್ಪೆಂಟೈನ್ ಬಟ್ಟೆಯಿಂದ ಭಾವನ ಅಂಗಿಯನ್ನು ಒರೆಸಲು ಹೊರಟ. ಇದ್ದ ನಾತಕ್ಕೆ ಇನ್ನೊಂದು ನಾತ ಸೇರಿತು.

ಆ ಗದ್ದಲದ ನಡುವೆ ಟೀಚರಮ್ಮ ಒಂದು ಕೈಯಲ್ಲಿ ಮೂಗು ಹಿಡಿದು ಇನ್ನೊಂದು ಕೈಯನ್ನು ಗೋಡೆಯ ಕಡೆ ಚಾಚಿ ಕೂಗಿದರು: "ಇದೇ! ಆಕ್ಷೀ! ಇದೇ ಬಣ್ಣ! ನಾಲ್ಕು ತಿಂಗಳಿಂದ ಇದನ್ನೇ... ಆಕ್ಷೀ! ಒರೆಸಬೇಡಿ, ದಯವಿಟ್ಟು ಒರೆಸಬೇಡಿ!"

ನಡುಬಾಗಿಲು ತೆರೆಯಿತು. ಹಲೋ ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು. ಕಣ್ಣಲ್ಲಿ ಧಾರಾಕಾರ ನೀರು. ಎದುರಿಗೆ ಮೂವತ್ತು ವರ್ಷದಿಂದ ಜೊತೆಗಿದ್ದ ಗಂಡ ಅಡಿಯಿಂದ ಮುಡಿಯವರೆಗೆ ಕೆಂಪಾಗಿ, ಕನ್ನಡಕದ ಹಿಂದೆ ಎರಡು ಕಣ್ಣು ಮಾತ್ರ ಪಿಳಿಪಿಳಿ ಬಿಡುತ್ತ, ಕೈಯಲ್ಲಿ ಖಾಲಿ ಡಬ್ಬಿ ಹಿಡಿದು ನಿಂತಿದ್ದರು. ಹಲೋ ಅಕ್ಕನಿಗೆ ನಗು ಬಂತು. ಕೆಮ್ಮಿನ ನಡುವೆ ನಗು, ನಗುವಿನ ನಡುವೆ ಕೆಮ್ಮು, ಬಾಗಿಲ ಚೌಕಟ್ಟು ಹಿಡಿದು ಕೂತೇಬಿಟ್ಟರು. ಅವರು ಹಾಗೆ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದನ್ನು ಕಂಡು ವರ್ಷವಾಗಿತ್ತು.

ಮಾಮ ನಗಲಿಲ್ಲ. ಡಬ್ಬಿಯನ್ನು ಬಗ್ಗಿಸಿ ನೋಡಿದರು. ತಳದಲ್ಲಿ ಒಂದು ಚಮಚವೂ ಉಳಿದಿರಲಿಲ್ಲ. ಗಿಡದಲ್ಲಿ ಕಾಯಿ ಇಲ್ಲ. ಕೊಟ್ಟ ಮಾತು ಮಾತ್ರ ಇತ್ತು.

"ಹದಿನೇಳು," ಎಂದರು ಮುಖವಾಡದೊಳಗಿಂದ. "ಚಾವಣಿ ಮೇಲಿದೆ."

"ಹೋಗ್ಲಿ ಬಿಡಿ," ಎಂದರು ಹಲೋ ಅಕ್ಕ ಕಣ್ಣೊರೆಸಿಕೊಳ್ಳುತ್ತ. "ನನ್ನ ಬದಲು ಅಂಗಡಿ ತಿಂತು."

ಅಷ್ಟು ನಕ್ಕರೂ ನಾತದ ಮಾತು ಅವರ ಬಾಯಿಂದ ಬರಲಿಲ್ಲ. ಮಾಮ ಅದಕ್ಕಾಗಿಯೇ ಕಿವಿ ಕೊಟ್ಟು ನಿಂತಿದ್ದರು.

ಅಂಗಡಿ ತೊಳೆಯಲು ಎರಡು ದಿನ ಬೇಕಾಯಿತು. ಟೀಚರಮ್ಮನಿಗಾಗಿ ಒಂದು ಅಂಗೈಯಗಲದ ಗೋಡೆಯನ್ನು ಬಿಟ್ಟು, ಮಾಮ ಅದಕ್ಕೆ ಸರಿಹೊಂದುವ ಬಣ್ಣ ಕಲಸಿಕೊಟ್ಟರು. ಮನಸ್ಸು ಮಾತ್ರ ಅದರಲ್ಲಿ ಇರಲಿಲ್ಲ. ಶೇಡ್ ಕಾರ್ಡಿನ ಹದಿನೇಳನೆಯ ಚೌಕದ ಕೆಳಗೆ ಏನೂ ಬರೆಯದೆ ಅದನ್ನು ಮಡಚಿ ಇಟ್ಟರು. ಮೂಗಿನ ಮಾತು ಎತ್ತಲಿಲ್ಲ. ಏಣಿ ಬಾಯಿ ತೆರೆದಾಗ ಅವನ ಕಾಲು ತುಳಿದರು.

ಬುಧವಾರ ಬೆಳಿಗ್ಗೆ ಹಲೋ ಅಕ್ಕ ಹಿತ್ತಲಿನ ಕಲ್ಲಿನ ಮೇಲೆ ಆ ಅಂಗಿಯನ್ನು ಮೂರನೆಯ ಸಲ ಒಗೆಯುತ್ತಿದ್ದರು. ಗಂಡನ ರಬ್ಬರ್ ಕೈಗವಸು ಅವರ ಕೈಯಲ್ಲಿ ದೊಡ್ಡದಾಗಿ ಲೊಳಲೊಳ ಎನ್ನುತ್ತಿತ್ತು. ಮಾಮ ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು. ಹಲೋ ಅಕ್ಕ ಅಂಗಿಯನ್ನು ಹಿಂಡಿ, ಒಗೆದ ಬಟ್ಟೆಯನ್ನು ಮೂಸಿ ನೋಡುವ ಹಳೆಯ ಅಭ್ಯಾಸದಿಂದ ಮೂಗಿನ ಹತ್ತಿರ ತಂದರು.

"ಥೂ, ಇನ್ನೂ ಬೆಳ್ಳುಳ್ಳಿ ನಾತ," ಎಂದು ಮತ್ತೆ ಬಕೆಟಿಗೆ ಅದ್ದಿದರು.

ಮಾಮನ ಕೈಯಲ್ಲಿದ್ದ ಲೋಟ ಬಾಯಿಯ ಹತ್ತಿರವೇ ನಿಂತಿತು. ಹಲೋ ಅಕ್ಕ ಇನ್ನೆರಡು ಸಲ ಅಂಗಿಯನ್ನು ಕಲ್ಲಿಗೆ ಬಡಿದರು. ಮೂರನೆಯ ಸಲಕ್ಕೆ ಎತ್ತಿದ ಕೈ ಮೇಲೆಯೇ ಉಳಿಯಿತು. ನೀರು ಮೊಣಕೈಯಿಂದ ತೊಟತೊಟ ಇಳಿಯಿತು.

"ರೀ."

"ಹೂಂ."

"ನಾನೀಗ ಏನಂದೆ?"

"ನಾನು ಮಾತು ಕೊಟ್ಟಿದ್ದೀನಿ. ಆ ವಿಷಯ ಎತ್ತೋ ಹಾಗಿಲ್ಲ."

"ಅಯ್ಯೋ, ಹೇಳಿ ರೀ!"

ಮಾಮ ಲೋಟವನ್ನು ಮೆಟ್ಟಿಲ ಮೇಲೆ ಬಿಟ್ಟರು. ಎದ್ದು ಒಳಗೆ ಓಡಿ ಮನೆಯಲ್ಲಿದ್ದದ್ದನ್ನೆಲ್ಲ ತಂದು ಸುರಿದರು. ಕಾಫಿಪುಡಿ, ಏನೂ ಇಲ್ಲ. ಫಿನಾಯಿಲ್, ಏನೂ ಇಲ್ಲ. ಡಾಕ್ಟರ ನಾಲ್ಕು ಸೀಸೆ, ಮುಚ್ಚಳ ತೆಗೆಯುವುದಕ್ಕೇ ಇಕ್ಕಳ ಬೇಕಾಯಿತು, ಏನೂ ಇಲ್ಲ. ಟರ್ಪೆಂಟೈನ್, ಏನೂ ಇಲ್ಲ. ಅಂಗಿ ಮೂಸಿದರೆ ಮಾತ್ರ ಹಲೋ ಅಕ್ಕನ ಮುಖ ಸಿಂಡರಿಸುತ್ತಿತ್ತು. ಆ ಸಿಂಡರಿಸಿದ ಮುಖದಷ್ಟು ಚೆಂದದ್ದನ್ನು ಮಾಮ ಮದುವೆಯ ದಿನವೂ ಕಂಡಿರಲಿಲ್ಲ.

"ಇಷ್ಟು ದೊಡ್ಡ ಪ್ರಪಂಚದಲ್ಲಿ ನನಗೆ ಸಿಕ್ಕಿದ್ದು ಇದೊಂದೇ ನಾತ," ಎಂದು ಹಲೋ ಅಕ್ಕ ನಗುತ್ತ ಅಳುತ್ತ ಕೂತರು. ಮತ್ತೆ ಮೂಸಿದರು. ಮತ್ತೆ ಥೂ ಎಂದರು. ಆಮೇಲೆ ಒದ್ದೆ ಕೈಗವಸಿನಲ್ಲೇ ಕೈ ಜೋಡಿಸಿ ಎರಡು ನಿಮಿಷ ಕಣ್ಣು ಮುಚ್ಚಿದರು.

ಆ ಅಂಗಿಯನ್ನು ನಾಲ್ಕನೆಯ ಸಲ ಒಗೆಯಲು ಮಾಮ ಬಿಡಲಿಲ್ಲ. ಅದು ಮಲಗುವ ಕೋಣೆಯ ಗೂಟದ ಮೇಲೆ ತೂಗಿತು. ಬೆಳಿಗ್ಗೆ ಪ್ರಾರ್ಥನೆ ಆದ ಮೇಲೆ ಒಂದು ಸಲ, ಮಲಗುವ ಮುಂಚೆ ಒಂದು ಸಲ ಹಲೋ ಅಕ್ಕ ಎದ್ದು ಹೋಗಿ ಮೂಸಿ ಬರುತ್ತಿದ್ದರು. ಮನೆಗೆ ಬಂದವರು ಮೂಗು ಮುಚ್ಚಿಕೊಂಡು, ಇಲ್ಲಿ ಏನೋ ಸತ್ತಿದೆ ಎನ್ನುತ್ತಿದ್ದರು. "ಇಲ್ಲ, ಬದುಕಿದೆ," ಎನ್ನುತ್ತಿದ್ದರು ಮಾಮ. ನರ ತಾನಾಗಿಯೇ ಚೇತರಿಸಿಕೊಂಡಿದೆ ಎಂದರು ಡಾಕ್ಟರು. ತಾನು ತಂದ ಬೀಜದ ಮ‌ಹಿಮೆ ಎಂದ ಏಣಿ. ಹಲೋ ಅಕ್ಕ ಇಬ್ಬರಿಗೂ ಹೂಂ ಎಂದರು.

ಎರಡನೆಯ ವಾರ ಸುಟ್ಟ ಬ್ರೆಡ್ಡಿನ ವಾಸನೆ ಬಂತು. ಮೂರನೆಯ ವಾರ ಮೊಟ್ಟೆಗೆ ಒಂದು ಚೂರು ರುಚಿ. ಕಾಫಿ ಇನ್ನೂ ಬಿಸಿನೀರೇ.

ಐದನೆಯ ವಾರದ ಒಂದು ಸಂಜೆ, ಏಳೂವರೆಯ ಟಕ್ ಟಕ್ ಮುಗಿಸಿ, ಶಟರು ಎಳೆದು, ಮಾಮ ಎಂದಿನಂತೆ ನಡುಬಾಗಿಲಲ್ಲಿ ಕಾಲಿಟ್ಟರು. ಒಂದು ಕಾಲು ಹೊಸ್ತಿಲ ಆಚೆಗಿತ್ತು.

"ರೀ, ಅಲ್ಲೇ ನಿಲ್ಲಿ!" ಅಡುಗೆಮನೆಯಿಂದ ದನಿ ಬಂತು. "ಏನು ನಾತ! ಟರ್ಪೆಂಟೈನ್. ಮೊದಲು ಸ್ನಾನ, ಆಮೇಲೆ ಮನೆ."

ಮಾಮ ನಿಂತರು. ಚಾಚಿದ ಕಾಲನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡರು. ಬಾಗಿಲನ್ನು ತಾವೇ ಎಳೆದು ಮುಚ್ಚಿದರು. ಕತ್ತಲಾದ ಅಂಗಡಿಯಲ್ಲಿ, ಬಿಗಿಯಾಗಿ ಮುಚ್ಚಿದ ಡಬ್ಬಿಗಳ ನಡುವೆ, ಒಂದು ಗಳಿಗೆ ನಿಂತು ಮುಖ ಒರೆಸಿಕೊಂಡರು. ಹಿತ್ತಲ ದಾರಿ ಹಿಡಿಯಲಿಲ್ಲ. ಬಾಗಿಲನ್ನು ಮತ್ತೆ ತೆರೆದು, ಏನೂ ಗೊತ್ತಿಲ್ಲದವರಂತೆ ಇನ್ನೊಂದು ಸಲ ಒಳಗೆ ಕಾಲಿಟ್ಟರು.

"ಕಿವಿ ಕೇಳಿಸಲ್ವಾ ನಿಮಗೆ?" ಎಂದರು ಹಲೋ ಅಕ್ಕ, ಕೈಯಲ್ಲಿ ಸೌಟು ಹಿಡಿದು ಹೊರಬಂದು. "ನಾತ ಅಂದೆ, ನಾತ!"

"ಸರಿಯಾಗಿ ಕೇಳಿಸಲಿಲ್ಲ ಕಣೇ," ಎಂದರು ಮಾಮ. "ಇನ್ನೊಂದ್ಸಲ ಹೇಳು."